ಲೆಕ್ಕದ ವರ್ಕ್‌ಶೀಟಲ್ಲಿ ‘ಅವನು’ ತೆಗ್ದು ‘ಅವರು’ ಹಾಕಿದೆ, ಈಗ ಲೆಕ್ಕವೇ ತಪ್ತಾ ಉಂಟು

ಗಣಿತ_ಟೀಚರ್_ಉಡುಪಿ
ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ರದ ಒಂದು ಶಾಲೆಯಲ್ಲಿ ನಾಲ್ಕು ಮತ್ತು ಐದನೇ ಕ್ಲಾಸಿಗೆ ಗಣಿತ ಮಾಡ್ತೇನೆ. ಬೇಸಿಗೆ ರಜೆಯಲ್ಲಿ ನನ್ನದೇ ಹಳೆ ವರ್ಕ್‌ಶೀಟುಗಳನ್ನೆಲ್ಲ ಹರಡಿಕೊಂಡು ಕೂತಿದ್ದೆ, ಓದ್ತಾ ಓದ್ತಾ ಬೇಜಾರಾಯ್ತು. ಅಂಗಡಿ ಇಡುದು ರಾಜು, ಬಸ್ಸು ಬಿಡುದು ರಾಜು, ಬ್ಯಾಂಕಿಗೆ ಹೋಗುದು ರಾಜು, ಲಾಭ ನಷ್ಟ ಎಲ್ಲ ಅವನದ್ದೇ. ಗೀತಾ ಬರುದು ಎರಡೇ ಕಡೆ, ಹೂ ಕಟ್ಟುವಾಗ ಮತ್ತು ಚಪಾತಿ ಹಂಚುವಾಗ. ಇದನ್ನೆಲ್ಲ ಬರೆದದ್ದು ನಾನೇ, ಹತ್ತು ವರ್ಷದಿಂದ ಮಕ್ಕಳಿಗೆ ಕೊಡ್ತಾ ಇದ್ದದ್ದೂ ನಾನೇ.

ಹಾಗಾಗಿ ಹೆಸರೆಲ್ಲ ಬದಲಾಯಿಸಿ ಶಶಿ, ಕಿರಣ್, ಮಧು ಅಂತ ಮಾಡಿದೆ, ಗಂಡೋ ಹೆಣ್ಣೋ ಹೇಳ್ಲಿಕ್ಕೆ ಆಗದ ಹೆಸರು. ಅವನು, ಅವಳು ಇದ್ದಲ್ಲಿ ‘ಅವರು’. ಜೂನಲ್ಲಿ ಕ್ಲಾಸಿಗೆ ಕೊಟ್ಟೆ. ಲೆಕ್ಕ ಇಷ್ಟೇ: ‘ಶಶಿಯ ಬಳಿ 12 ನೇರಳೆ ಹಣ್ಣು ಇತ್ತು. ಅವರು 4 ತಿಂದರು. ಎಷ್ಟು ಉಳಿಯಿತು?’ ಅರ್ಧ ಕ್ಲಾಸು 12 ಅಂತ ಬರೆದಿದೆ! ಕೇಳಿದ್ರೆ ಒಂದು ಮಗು ಹೇಳ್ತದೆ, ‘ತಿಂದದ್ದು ಅವರಲ್ವಾ ಟೀಚರ್, ಶಶಿದು ಹಾಗೇ ಉಂಟು’. ಇನ್ನೊಂದು, ‘ಅವರು ಅಂದ್ರೆ ಎಷ್ಟು ಜನ, ಒಬ್ಬೊಬ್ರು ನಾಲ್ಕು ತಿಂದದ್ದಾ?’

ಸ್ಟಾಫ್‌ರೂಮಲ್ಲಿ ಇದೆಲ್ಲ ಯಾಕೆ ಬೇಕಿತ್ತು ನಿಮಗೆ ಅಂತ ಕೇಳಿದ್ರು. ಬೇಕಿತ್ತು. ಹುಡುಗರು ಒಂದು ಸಾಲು, ಹುಡುಗಿಯರು ಒಂದು ಸಾಲು ಅಂದ ಕೂಡ್ಲೆ ಮುಖ ಸಣ್ಣ ಮಾಡುವ ಒಂದು ಮಗು ನನ್ನ ಕ್ಲಾಸಲ್ಲಿ ಉಂಟು, ಆ ಮಗುವಿನ ಬಗ್ಗೆ ಇಲ್ಲಿ ಇದಕ್ಕಿಂತ ಹೆಚ್ಚು ಬರೆಯುದಿಲ್ಲ. ಕನ್ನಡದಲ್ಲಿ ಇದನ್ನು ಸರಿಯಾಗಿ ಮಾಡುದು ಹೇಗೆ? ಯಾರಾದ್ರೂ ಮಾಡಿ ನೋಡಿದವರು ಇದ್ದೀರಾ? ಇವತ್ತು ಹೇಗೂ ಮಳೆ ರಜೆ, ಕೂತು ಓದ್ತೇನೆ.

ಕುಡ್ಲದ_ಗಾಳಿ
12 ಬರೆದ ಮಕ್ಕಳಿಗೆ ಮಾರ್ಕ್ ಕೊಡಿ ಟೀಚರ್. ನಿಮ್ಮ ವಾಕ್ಯಕ್ಕೆ ಅದೇ ಉತ್ತರ.

ಪಡುಬಿದ್ರಿ_ಪಶ್ಚಿಮ
ನೇರ ಹೇಳ್ತೇನೆ, ಇದು ಇಂಗ್ಲಿಷಿನವರ ಸಮಸ್ಯೆ, ನಾವು ಸುಮ್ಮನೆ ತಲೆ ಮೇಲೆ ಹೊತ್ತುಕೊಳ್ಳುದು. ಅವರಲ್ಲಿ ‘ದೇ’ (they, ನಮ್ಮ ‘ಅವರು’) ಅನ್ನುದನ್ನು ಏಕವಚನ ಮಾಡಿದ್ರು, 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಪದ ಅಂದ್ರು, ಅದೇ ವರ್ಷ ಅಮೆರಿಕದ ಮನಃಶಾಸ್ತ್ರ ಸಂಘದವರ ಬರವಣಿಗೆ ಕೈಪಿಡಿಯಲ್ಲೂ ಒಪ್ಪಿದ್ರು. ಆಯ್ತು, ಅವರ ಭಾಷೆ ಅವರಿಗೆ. ನಮ್ಮ ಮಕ್ಕಳಿಗೆ ಕೂಡಿಸಿ ಕಳೆಯುದು ಬಂದ್ರೆ ಸಾಕು. ಅವನು ಅವಳು ಅಂತ ಇದ್ರೆ ಯಾರಿಗೆ ಎಂತ ತೊಂದರೆ?

ವ್ಯಾಕರಣ_ಪ್ರಿಯ
@ಪಡುಬಿದ್ರಿ_ಪಶ್ಚಿಮ ಇಂಗ್ಲಿಷಿನಿಂದ ಬಂದದ್ದು ಅನ್ನುದು ತಪ್ಪು. ಒಬ್ಬರನ್ನೇ ‘ಅವರು’ ಅನ್ನುದು ನಮ್ಮಲ್ಲಿ ಹೊಸತಾ? ‘ಡಾಕ್ಟ್ರು ಬಂದ್ರಾ?’ ಅಂತ ಕೇಳುವಾಗ ಗಂಡಾ ಹೆಣ್ಣಾ ಅಂತ ಯಾರು ನೋಡ್ತಾರೆ? ‘ಯಾರು ಬಂದರು’, ‘ಒಬ್ಬರು ಕೇಳಿದರು’, ಎಲ್ಲದರಲ್ಲೂ ಲಿಂಗ ಇಲ್ಲ. ತುಳುವಿನಲ್ಲೂ ಹಾಗೆಯೇ, ಆಯೆ, ಆಲ್ ಬೇರೆ ಬೇರೆ, ಗೌರವಕ್ಕೆ ‘ಆರ್’ ಅಂದ್ರೆ ಎರಡೂ ಒಂದೇ. ಕಷ್ಟ ಇರುದು ಚಿಕ್ಕವರ ವಿಷಯದಲ್ಲಿ. ನೇರಳೆ ತಿನ್ನುವ ಎಂಟು ವರ್ಷದ ಶಶಿಗೆ ‘ತಿಂದರು’ ಅಂದ್ರೆ ಮಗುವಿನ ಕಿವಿಗೆ ಅದು ಯಾರೋ ದೊಡ್ಡವರು ಅಥವಾ ಸುಮಾರು ಜನ. ಟೀಚರ ಮಕ್ಕಳು ತಪ್ಪು ಮಾಡಿದ್ದಲ್ಲ, ಕನ್ನಡವನ್ನು ಸರಿಯಾಗಿ ಓದಿದ್ದು.

ಇನ್ನೊಂದು. ಲಿಂಗ ಅಂದ್ರೆ ಮೂರೇ ಅಂತ ನಾವು ಬಾಯಿಪಾಠ ಮಾಡಿದ್ದು. ‘ಶಬ್ದಮಣಿದರ್ಪಣ’ ವ್ಯಾಕರಣ ಬರೆದ 13ನೇ ಶತಮಾನದ ಕೇಶಿರಾಜ ಒಂಬತ್ತು ಲೆಕ್ಕ ಹಾಕಿದ್ದಾನೆ. ಹೈಸ್ಕೂಲ್ ವ್ಯಾಕರಣದಲ್ಲೂ ‘ಸೂರ್ಯ ಮೂಡಿದನು, ಸೂರ್ಯ ಮೂಡಿತು’ ಎರಡೂ ಸರಿ, ಅದು ಪುನ್ನಪುಂಸಕಲಿಂಗ ಅಂತ ಓದಿದ್ದು ನೆನಪಿರಬಹುದು. ಮಗು, ಶಿಶು, ಕೂಸು ನಿತ್ಯನಪುಂಸಕ. ನಾನು, ನೀನು, ತಾನು ಇವಕ್ಕೆ ಸ್ವಂತ ಲಿಂಗವೇ ಇಲ್ಲ, ಯಾರನ್ನು ಹೇಳುದೋ ಅವರದ್ದು ಯಾವುದೋ ಅದು. ಸಂಸ್ಕೃತದಲ್ಲಿ ಹೆಂಡತಿ ಅನ್ನುವ ಅರ್ಥದ ‘ದಾರಾ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ. ಕನ್ನಡ ಹಾಗಲ್ಲ, ಇಲ್ಲಿ ಅರ್ಥ ನೋಡಿ ಲಿಂಗ. ಅರ್ಥ ನೋಡುವ ಭಾಷೆಯಲ್ಲಿ ಅರ್ಥ ಹಿಗ್ಗಿದ್ರೆ ಪದವೂ ಹಿಗ್ಗಬೇಕಲ್ವಾ?

ಪುತ್ತೂರು_ಕೂಸು
ಹಾಗಾದ್ರೆ ‘ಅದು’ ಯಾಕೆ ಆಗಬಾರದು? ನಮ್ಮ ಹವ್ಯಕ ಮನೆಗಳಲ್ಲಿ ಹೆಂಗಸರಿಗೆ ‘ಅದು’ ಅಂತಲೇ ಹೇಳುದು, ‘ಅಕ್ಕ ಬಂತು, ಅದಕ್ಕೆ ಕಾಪಿ ಬೇಕಡ’ ಅಂತ. ಹುಡುಗಿ ಅಂದ್ರೆ ಕೂಸು, ಹುಡುಗ ಅಂದ್ರೆ ಮಾಣಿ. ಅಜ್ಜಿಯಿಂದ ಹಿಡಿದು ನನ್ನ ತನಕ ಎಲ್ಲರೂ ‘ಅದು’, ಯಾರಿಗೂ ಕಡಿಮೆ ಅನಿಸಿದ್ದಿಲ್ಲ. ‘ಶಶಿ 4 ಹಣ್ಣು ತಿಂದಿತು’ ಅಂತ ಬರೆದ್ರೆ ಒಬ್ಬರೇ ಅಂತ ಗೊತ್ತಾಗ್ತದೆ, ಲೆಕ್ಕವೂ ಸರಿ ಬರ್ತದೆ.

ಬೆಂದೂರ್_ಬೆಲ್
ನಮ್ಮ ಕೊಂಕಣಿಯಲ್ಲಿ ಕೂಡ ಉಂಟು. ತೊ ಅಂದ್ರೆ ಅವನು, ತಿ ಅಂದ್ರೆ ಅವಳು, ಸಣ್ಣ ಹುಡುಗಿಗೆ ಮಾತ್ರ ‘ತೆಂ’, ಅಂದ್ರೆ ಅದು. ಆದ್ರೆ ನನಗೆ ಸಣ್ಣದಿರುವಾಗಲೇ ಒಂದು ಪ್ರಶ್ನೆ ಇತ್ತು, ತಮ್ಮ ಹುಟ್ಟಿದ ದಿನದಿಂದ ‘ತೊ’, ನಾನು ಯಾಕೆ ‘ತೆಂ’? ಪ್ರೀತಿಯಿಂದ ಹೇಳುದು ಅಂತ ಅಮ್ಮ. ಪ್ರೀತಿ ಹೌದು. ಆದ್ರೂ ಎರಡು ಕಡೆಯೂ ಇದು ಹೆಣ್ಣಿಗೆ ಮಾತ್ರ ಯಾಕೆ ಬಿತ್ತು ಅಂತ ಒಮ್ಮೆ ಯೋಚನೆ ಮಾಡಿ.

ನೀಲಿ_ಕೊಡೆ
‘ಅದು’ ದಯವಿಟ್ಟು ಬೇಡ.

ನಾನು ಟ್ರಾನ್ಸ್ ಮಹಿಳೆ, ಸುರತ್ಕಲ್ ಕಡೆಯವಳು. ಬಸ್‌ಸ್ಟ್ಯಾಂಡಲ್ಲಿ ನನ್ನನ್ನು ನೋಡಿ ‘ಅದು ನೋಡು, ಅದು ಬರ್ತಾ ಉಂಟು’ ಅಂತ ಹೇಳುದನ್ನು ಎಷ್ಟು ಸಲ ಕೇಳಿದ್ದೇನೆ ಲೆಕ್ಕ ಇಲ್ಲ. ನಿಮ್ಮ ಮನೆಯ ‘ಅದು’ ಬೇರೆ ಅಂತ ನನಗೆ ಅರ್ಥ ಆಗ್ತದೆ @ಪುತ್ತೂರು_ಕೂಸು, ಅದ್ರಲ್ಲಿ ಸಲಿಗೆ ಉಂಟು. ರಸ್ತೆಯ ‘ಅದು’ವಿನಲ್ಲಿ ಇರುದು ಬೇರೆಯೇ.

ಎಂಟನೇ ಕ್ಲಾಸಲ್ಲಿ ಕನ್ನಡ ವ್ಯಾಕರಣ ನಡೀತಾ ಇತ್ತು. ಪುಲ್ಲಿಂಗ ಆಯ್ತು, ಸ್ತ್ರೀಲಿಂಗ ಆಯ್ತು, ಮೇಷ್ಟ್ರು ಬೋರ್ಡ್ ಮೇಲೆ ‘ನಪುಂಸಕಲಿಂಗ’ ಅಂತ ಬರೆದ್ರು. ಹಿಂದಿನ ಬೆಂಚಿಂದ ಒಬ್ಬ ನನ್ನ ಹೆಸರು ಹೇಳಿದ. ಇಡೀ ಕ್ಲಾಸು ತಿರುಗಿ ನನ್ನನ್ನು ನೋಡಿತು. ಮೇಷ್ಟ್ರು ನಗಲಿಲ್ಲ, ಬೈಯಲೂ ಇಲ್ಲ, ಉದಾಹರಣೆಗೆ ಕಲ್ಲು, ಮರ, ಮನೆ ಅಂತ ಬರೆಯುತ್ತಾ ಹೋದ್ರು. ಆ ವರ್ಷ ಮುಗಿಯುವ ತನಕ ನನಗೆ ಅದೇ ಹೆಸರು. ಪಡುಬಿದ್ರಿಯವರು ಯಾರಿಗೆ ತೊಂದರೆ ಅಂತ ಕೇಳಿದ್ರಲ್ಲ, ಅದಕ್ಕೆ ಇದನ್ನು ಬರೆದದ್ದು.

ಟೀಚರ್‌ಗೆ ಒಂದು ಮಾತು. ನೀವು ‘ಅವನು’, ‘ಅವಳು’ ಎರಡನ್ನೂ ಅಳಿಸಿ ಹಾಕುದು ನನಗೆ ಸಹಾಯ ಅಲ್ಲ. ನಾನು ‘ಅವಳು’ ಅನಿಸಿಕೊಳ್ಳಲಿಕ್ಕೆ 20 ವರ್ಷ ಕಾದವಳು. ಎಲ್ಲರೂ ‘ಅವರು’ ಆದ್ರೆ ನನ್ನ ‘ಅವಳು’ ಎಲ್ಲಿ ಹೋಯ್ತು? ಕೆಲವರಿಗೆ ಎರಡೂ ಬೇಡ, ಅವರಿಗೆ ಬೇರೆ ದಾರಿ ಬೇಕು, ನಿಜ. ಆದ್ರೆ ಪಾಠದಲ್ಲಿ ಎಲ್ಲ ತರದವರೂ ಇರಬೇಕು, ಯಾರೂ ಯಾರೂ ಅಲ್ಲದ ಹಾಗೆ ಇರಬಾರದು.

ಪುತ್ತೂರು_ಕೂಸು
@ನೀಲಿ_ಕೊಡೆ ನಾನು ನನ್ನ ಮನೆಯೊಳಗೆ ಕೂತು ಬರೆದುಬಿಟ್ಟೆ. ‘ಅದು’ ವಾಪಸ್ ತಗೊಂಡೆ.

ಪಡುಬಿದ್ರಿ_ಪಶ್ಚಿಮ
ಅಕ್ಕ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಎಂತ ಬರೆಯಲೂ ಆಗಲಿಲ್ಲ. ಆ ಮೇಷ್ಟ್ರು ಅಲ್ಲೇ ನಿಲ್ಲಿಸಿ ಎರಡು ಮಾತು ಹೇಳಬೇಕಿತ್ತು. ಆದ್ರೂ ನನ್ನ ಪ್ರಶ್ನೆ ಹಾಗೇ ಉಂಟು, ಅದು ಮೇಷ್ಟ್ರ ತಪ್ಪು, ಲೆಕ್ಕದ ವಾಕ್ಯ ಬದಲಾಯಿಸಿದ್ರೆ ಹುಡುಗರ ಬಾಯಿ ನಿಲ್ತದಾ? ಮತ್ತೆ ಸರ್ಕಾರ ಹೇಳದೆ ಟೀಚರು ಹೀಗೆಲ್ಲ ಮಾಡಬಹುದಾ?

ತರಬೇತಿ_ಮುಗಿಸಿದವಳು
ವರ್ಕ್‌ಶೀಟ್ ನಮ್ಮದೇ, ಪಠ್ಯಪುಸ್ತಕ ಅಲ್ಲ, ಅದಕ್ಕೆ ಯಾರ ಅಪ್ಪಣೆ? ಕಾನೂನು ಕೇಳ್ತೀರಿ ಅಂದ್ರೆ, 2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಹಾಕಿದ ಕೇಸಿನ ತೀರ್ಪಲ್ಲಿ ತನ್ನ ಲಿಂಗ ಯಾವುದು ಅಂತ ಹೇಳುವ ಹಕ್ಕು ಆ ವ್ಯಕ್ತಿಯದ್ದು ಅಂತ ಹೇಳಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯಲ್ಲಿ ಶಾಲೆ ಕಾಲೇಜು ಭೇದ ಮಾಡಬಾರದು ಅಂತ ಉಂಟು. ಕರ್ನಾಟಕ 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇಕಡಾ 1 ಮೀಸಲು ಇಟ್ಟಿತು, ದೇಶದಲ್ಲೇ ಮೊದಲು. ಅದೇ ವರ್ಷ ಕೇಂದ್ರದ ಪಠ್ಯಪುಸ್ತಕ ಮಾಡುವ ಸಂಸ್ಥೆ ಎನ್‌ಸಿಇಆರ್‌ಟಿ ಟ್ರಾನ್ಸ್‌ಜೆಂಡರ್ ಮಕ್ಕಳ ಬಗ್ಗೆ ಶಿಕ್ಷಕರಿಗೆ ಒಂದು ಕೈಪಿಡಿ ಹಾಕಿ, ಆಕ್ಷೇಪ ಬಂದ ಕೂಡ್ಲೆ ವೆಬ್‌ಸೈಟಿಂದ ತೆಗೆದದ್ದೂ ಹೌದು. ಕೈಪಿಡಿ ಹೋಯ್ತು, ಕ್ಲಾಸಲ್ಲಿ ಆ ಮಕ್ಕಳು ಇದ್ದಾರಲ್ಲ, ಅವರಿಗೆ ನಾಳೆ ಬೆಳಿಗ್ಗೆ ಲೆಕ್ಕ ಹೇಳಿಕೊಡ್ಬೇಕಲ್ಲ.

ಬೀಡಿ_ಲೆಕ್ಕ
ನನ್ನದು ಬೇರೆ ತಕರಾರು. ನಮ್ಮಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದ್ದು. 25ರ ಕಟ್ಟು, 40 ಕಟ್ಟಾದ್ರೆ ಸಾವಿರ, ಎಲೆ ಎಷ್ಟು ಹೋಯ್ತು, ರಿಜೆಕ್ಟ್ ಎಷ್ಟು, ವಾರಕ್ಕೆ ಎಷ್ಟು ಬರಬೇಕು, ಎಲ್ಲ ಬಾಯಲ್ಲೇ. ನನಗೆ ಗುಣಾಕಾರ ಕಲಿಸಿದ್ದು ಅಮ್ಮನ ಮೊರ. ಶಾಲೆಗೆ ಹೋದ್ರೆ ಪುಸ್ತಕದಲ್ಲಿ ಲೆಕ್ಕ ಮಾಡುವವ ಯಾವಾಗ್ಲೂ ‘ವ್ಯಾಪಾರಿ, ಅವನು’. ಮಲ್ಪೆಯಲ್ಲಿ ಮೀನು ಹರಾಜು ಹಿಡಿಯುವ ಹೆಂಗಸರನ್ನು ನೋಡಿ, ಕ್ಯಾಲ್ಕುಲೇಟರ್‌ಗಿಂತ ಮೊದಲು ಅವರ ಲೆಕ್ಕ ಮುಗಿದಿರ್ತದೆ. ಅವರು ಯಾವ ಪಾಠದಲ್ಲಿದ್ದಾರೆ?

ಟೀಚರ್, ನೀವು ರಾಜುವನ್ನು ಶಶಿ ಮಾಡಿದ್ರಿ, ಒಳ್ಳೇದೇ. ಆದ್ರೆ ಅಂಗಡಿ ಇಟ್ಟ ಶಶಿ ಅಂದ್ರೆ ಮಕ್ಕಳ ತಲೆಯಲ್ಲಿ ಬರುದು ಗಂಡಸೇ. ಹೆಸರು ತಟಸ್ಥ ಮಾಡಿದ್ರೆ ಹೆಂಗಸು ಬರುದಿಲ್ಲ, ಮಾಯ ಆಗ್ತಾಳೆ. ‘ಗೀತಾ 3 ಬುಟ್ಟಿ ಬಂಗುಡೆ ಹರಾಜಲ್ಲಿ ಹಿಡಿದಳು’ ಅಂತ ಗಟ್ಟಿಯಾಗಿ ‘ಳು’ ಹಾಕಿ ಬರೆಯಿರಿ. ‘ರಾಜು 20 ನೀರುದೋಸೆ ಹೊಯ್ದನು, ಅಜ್ಜಿಗೆ 4 ಕೊಟ್ಟನು’ ಅಂತಲೂ ಬರೆಯಿರಿ.

ಕುಡ್ಲದ_ಗಾಳಿ
ಸರಿಯಾಗಿ ಹೇಳಿದ್ರಿ.

ಗಣಿತ_ಟೀಚರ್_ಉಡುಪಿ
ಇಲ್ಲಿ ನನಗೆ ಸಿಕ್ಕಿ ಹಾಕಿಕೊಂಡ ಹಾಗೆ ಆಗ್ತಾ ಉಂಟು. ಬೀಡಿ_ಲೆಕ್ಕ ಹೇಳುದೂ ಹೌದು, ನೀಲಿ_ಕೊಡೆ ಹೇಳುದೂ ಹೌದು. ಹಾಗಾದ್ರೆ ಕೆಲವು ಲೆಕ್ಕದಲ್ಲಿ ಗಟ್ಟಿ ಅವಳು, ಕೆಲವದರಲ್ಲಿ ಗಟ್ಟಿ ಅವನು, ಇನ್ನು ಕೆಲವದರಲ್ಲಿ ಹೇಳುದೇ ಬೇಡ. ಆ ಕೊನೇದಕ್ಕೆ ‘ಅವರು’ ಬಿಟ್ಟು ವಾಕ್ಯ ಹೇಗೆ ಕಟ್ಟುದು? ಕನ್ನಡದಲ್ಲಿ ಕ್ರಿಯಾಪದವೇ ಹೇಳಿಬಿಡ್ತದಲ್ಲ, ತಿಂದನು, ತಿಂದಳು ಅಂತ. ಇಂಗ್ಲಿಷಿನವರಿಗೆ ಸರ್ವನಾಮ ಒಂದು ದಾಟಿದ್ರೆ ಆಯ್ತು, ನಮಗೆ ಬಾಲವೂ ಉಂಟು.

ಕಟಪಾಡಿ_ಕನ್ನಡ
ಬಾಲ ಇಲ್ಲದ ಕ್ರಿಯಾಪದ ನಮ್ಮಲ್ಲಿ ರಾಶಿ ಉಂಟು ಟೀಚರ್, ನಾವು ಗಮನಿಸುದಿಲ್ಲ ಅಷ್ಟೇ. ‘ಇಲ್ಲ’ ಬಂದಲ್ಲಿ ಲಿಂಗ ಇಲ್ಲ: ಶಶಿ ಬರಲಿಲ್ಲ, ಮಧು ತಿನ್ನುದಿಲ್ಲ. ‘ಬೇಕು’, ‘ಬಹುದು’, ‘ಲಿ’ ಬಂದ್ರೂ ಇಲ್ಲ: ಕಿರಣ್ 12 ಪೆನ್ಸಿಲ್ ತರಬೇಕು, ಮಧು ಹೋಗಲಿ. ಮತ್ತೆ ‘ಗೆ’, ‘ಬಳಿ’ ಹಾಕಿದ್ರೆ ಕ್ರಿಯಾಪದ ಆ ಮಗುವಿನ ಕಡೆ ನೋಡುದೇ ಇಲ್ಲ: ಶಶಿಗೆ ಹಸಿವಾಯಿತು, ಕಿರಣ್‌ಗೆ 40 ಮಾರ್ಕ್ ಬಂತು, ಮಧು ಬಳಿ 12 ಗೋಲಿ ಇತ್ತು. ‘ಅವನ ಬುಟ್ಟಿ’, ‘ಅವಳ ಬುಟ್ಟಿ’ ಬದಲು ‘ತನ್ನ ಬುಟ್ಟಿ’. ಹೊಸ ಪದ ಒಂದೂ ಹುಟ್ಟಿಸಬೇಕಾಗಿಲ್ಲ.

ವ್ಯಾಕರಣ_ಪ್ರಿಯ
@ಕಟಪಾಡಿ_ಕನ್ನಡ ಒಂದು ತಿದ್ದುಪಡಿ. ನಿಷೇಧದಲ್ಲಿ ಲಿಂಗ ಇಲ್ಲದ್ದು ಹೊಸ ರೂಪಕ್ಕೆ ಮಾತ್ರ. ಹಳೇ ರೂಪ ‘ಬಾರನು, ಬಾರಳು’, ‘ಅರಿಯನು, ಅರಿಯಳು’, ಅಲ್ಲಿ ಉಂಟು. ‘ಒಲ್ಲನು, ಒಲ್ಲಳು’ ಇವತ್ತಿಗೂ ಉಂಟು. ಅಂದ್ರೆ ಆಡುತ್ತಾ ಆಡುತ್ತಾ ಕನ್ನಡವೇ ಒಂದು ಕಡೆ ಲಿಂಗ ಬಿಟ್ಟುಕೊಂಡು ಬಂದಿದೆ.

ಕಟಪಾಡಿ_ಕನ್ನಡ
ಒಪ್ಪಿದೆ. ಇನ್ನೊಂದು ನೆನಪಾಯ್ತು, ನಮ್ಮ ಮಂಗಳೂರು ಕನ್ನಡ! ಬೆಂಗಳೂರಿನವರು ನಮ್ಮನ್ನು ಪುಸ್ತಕದ ಭಾಷೆ ಅಂತ ಹೇಳ್ತಾರಲ್ಲ, ನಾವು ಹೇಳುದು ‘ಎಂತ ಮಾಡಿದ್ದು?’, ‘ಯಾವಾಗ ಬಂದದ್ದು?’, ‘ಎಲ್ಲಿಗೆ ಹೋಗುದು?’ ಇದ್ರಲ್ಲಿ ಗಂಡು ಹೆಣ್ಣು ಎಲ್ಲುಂಟು? ‘ಶಶಿ ನಿನ್ನೆ ಬಂದದ್ದು’. ಮುಗೀತು. ಟೀಚರ ಲೆಕ್ಕ ಹೀಗೆ ಮಾಡಿ:

ಶಶಿಯ ಬಳಿ 12 ನೇರಳೆ ಹಣ್ಣು ಇತ್ತು. ತಿಂದದ್ದು 4. ಅಣ್ಣನಿಗೆ ಕೊಟ್ಟದ್ದು 3. ಉಳಿದದ್ದು ಎಷ್ಟು?

ಗಣಿತ_ಟೀಚರ್_ಉಡುಪಿ
ಅಯ್ಯೋ ಇದು ನನ್ನ ಹಳೇ ವಾಕ್ಯಕ್ಕಿಂತ ಚಿಕ್ಕದೂ ಆಯ್ತು! ನಿಧಾನ ಓದುವ ಮಕ್ಕಳಿಗೆ ಇದೇ ಒಳ್ಳೇದು.

ಮೇಳದ_ಹುಚ್ಚು
ವಿಷಯ ಸ್ವಲ್ಪ ಆಚೆ ಹೋಗ್ತದೆ, ಆದ್ರೂ ಹೇಳ್ತೇನೆ. ನಮ್ಮ ಊರಿನವರಿಗೆ ಇದೆಲ್ಲ ಹೊಸತಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುದು ಹೆಚ್ಚಿನಂಶ ಗಂಡಸರೇ, ರಂಗದಲ್ಲಿ ಇರುವಷ್ಟು ಹೊತ್ತು ದಮಯಂತಿ ಬಂದಳು, ಅತ್ತಳು ಅಂತಲೇ ನಾವು ಹೇಳುದು. ವಿರಾಟಪರ್ವದ ಬೃಹನ್ನಳೆಯನ್ನು ರಾತ್ರಿಯಿಡೀ ಕೂತು ನೋಡಿದವರು ನಾವು. ಅಷ್ಟು ದೊಡ್ಡ ಮನಸ್ಸು ಇರುವ ಊರು ಇದು.

ನೀಲಿ_ಕೊಡೆ
@ಮೇಳದ_ಹುಚ್ಚು ನನಗೂ ಆಟ ಅಂದ್ರೆ ಜೀವ. ಆದ್ರೆ ಆ ಕಲಾವಿದರು ಬೆಳಿಗ್ಗೆ ಚೌಕಿಯಲ್ಲಿ, ಅಂದ್ರೆ ಬಣ್ಣದ ಕೋಣೆಯಲ್ಲಿ, ವೇಷ ಕಳಚಿ ಇಡ್ತಾರೆ. ನನ್ನದು ವೇಷ ಅಲ್ಲ. ರಂಗಸ್ಥಳದ ಎದುರು ಕೂತು ‘ಅವಳು’ ಅನ್ನುವವರೇ ಬಸ್ಸಲ್ಲಿ ನನಗೆ ‘ಅದು’ ಅಂದದ್ದು. ಹಾಗಾಗಿ ಊರಿನ ಮನಸ್ಸು ದೊಡ್ಡದು ಅಂತ ಈಗಲೇ ಬರೆದಿಡಬೇಡಿ.

ಮೇಳದ_ಹುಚ್ಚು
ಸರಿ. ಒಪ್ಪಿದೆ.

ಉಳ್ಳಾಲ_ಅಂಗಳ
ಹೆಸರಿನ ಬಗ್ಗೆ ಒಂದು ಮಾತು. ಶಶಿ, ಕಿರಣ್, ಮಧು ಚೆಂದ ಉಂಟು, ಗಂಡು ಹೆಣ್ಣು ಗೊತ್ತಾಗುದಿಲ್ಲ, ಆದ್ರೆ ಮನೆ ಯಾವ ತರದ್ದು ಅಂತ ಕೂಡ್ಲೆ ಗೊತ್ತಾಗ್ತದೆ. ನನ್ನ ಮಗಳ ಕ್ಲಾಸಲ್ಲಿ ಅರ್ಧ ಮಕ್ಕಳು ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಮರು), ಐದಾರು ಕ್ರಿಶ್ಚಿಯನ್ನರು. ಅವಳು ಏಳನೇ ಕ್ಲಾಸಿನ ತನಕ ಲೆಕ್ಕದಲ್ಲಿ ಫಾತಿಮಾಳನ್ನು ನೋಡಿದ್ದು ಒಂದೇ ಸಲ, ಅದೂ ಹಬ್ಬಕ್ಕೆ ಬಟ್ಟೆ ತಗೊಳ್ಳುವಾಗ. ಫಾತಿಮಾ ಬಸ್ಸಿನ ಟೈಮ್‌ಟೇಬಲ್ ನೋಡಲಿ, ಲವೀನಾ ಅಡಿಕೆ ತೋಟಕ್ಕೆ ಗೊಬ್ಬರದ ಲೆಕ್ಕ ಹಾಕಲಿ. ಎಲ್ಲ ಹೆಸರನ್ನೂ ತಟಸ್ಥ ಮಾಡ್ಲಿಕ್ಕೆ ಹೋಗಿ ಇವರನ್ನೂ ಒರೆಸಿಬಿಡಬೇಡಿ.

ಬೆಂದೂರ್_ಬೆಲ್
ನೂರಕ್ಕೆ ನೂರು. ಲವೀನಾ ಸಿಕ್ಕಿದ್ದು ಖುಷಿ ಆಯ್ತು.

ಪಡುಬಿದ್ರಿ_ಪಶ್ಚಿಮ
ನನ್ನ ಮಗ ಈಗ ಬ್ಯಾಂಕ್ ಪರೀಕ್ಷೆಗೆ ಓದ್ತಾ ಇದ್ದಾನೆ. ಇವತ್ತು ಅವನ ಪುಸ್ತಕ ತೆರೆದು ನೋಡಿದೆ. ‘3 ಪುರುಷರು ಅಥವಾ 5 ಮಹಿಳೆಯರು ಒಂದು ಕೆಲಸವನ್ನು 12 ದಿನಗಳಲ್ಲಿ ಮುಗಿಸುತ್ತಾರೆ’ ಅಂತ ಉಂಟು. ನಾನೂ ಇದನ್ನೇ ಓದಿ ಬೆಳೆದದ್ದು, ಇಷ್ಟು ವರ್ಷ ಕಣ್ಣಿಗೆ ಬೀಳಲಿಲ್ಲ. ಅಮ್ಮ ನೇಜಿ ನೆಡ್ಲಿಕ್ಕೆ ಗದ್ದೆಗೆ ಇಳಿದ್ರೆ ಅಪ್ಪನಿಗೆ ಸರಿಸಾಟಿ ನಿಲ್ಲಲಿಕ್ಕೆ ಆಗ್ತಿರಲಿಲ್ಲ. ಐದು ಹೆಂಗಸರು ಮೂರು ಗಂಡಸರಿಗೆ ಸಮ ಅಂತ ಯಾರು ಅಳೆದದ್ದು?

ಕುಡ್ಲದ_ಗಾಳಿ
ಅಲ್ಲ, ಅದು ಅನುಪಾತ ಕಲಿಸ್ಲಿಕ್ಕೆ ಅಷ್ಟೇ, ಎರಡು ವೇಗ ಬೇಕಲ್ಲ ಲೆಕ್ಕಕ್ಕೆ.

ಬೀಡಿ_ಲೆಕ್ಕ
@ಕುಡ್ಲದ_ಗಾಳಿ ಎರಡು ವೇಗ ಬೇಕಾದ್ರೆ ತೋಟಕ್ಕೆ ನೀರು ಬಿಡಿ. 3 ದೊಡ್ಡ ಪಂಪು ಅಥವಾ 5 ಸಣ್ಣ ಪಂಪು. ಅನುಪಾತ ಅದೇ, ಉತ್ತರ ಅದೇ, ಯಾರ ಅಮ್ಮನಿಗೂ ಕಡಿಮೆ ಆಗುದಿಲ್ಲ.

ಕುಡ್ಲದ_ಗಾಳಿ
ಹಾಂ ಪಂಪು ಆಗಬಹುದು.

ತರಬೇತಿ_ಮುಗಿಸಿದವಳು
ಇನ್ನೊಂದು ಜಾಗ ನೋಡಿ, ಸೂಚನೆಗಳು. ‘ವಿದ್ಯಾರ್ಥಿಯು ತನ್ನ ಪುಸ್ತಕದಲ್ಲಿ ಬರೆಯತಕ್ಕದ್ದು, ಅವನು ಚಿತ್ರ ಬಿಡಿಸಲಿ’ ಅಂತೆಲ್ಲ ಇರ್ತದೆ. ನೇರ ‘ನೀನು ಬರೆ, ನೀನು ಎಣಿಸು’ ಅಂತ ಹೇಳಿದ್ರೆ ಸಾಕು. ನಾನು, ನೀನು, ನಾವು ಇವಕ್ಕೆ ಲಿಂಗದ ಕಾಟ ಇಲ್ಲ. ಲೆಕ್ಕವನ್ನೂ ಹಾಗೆ ಬರೆಯಬಹುದು: ‘ನಿನ್ನ ಹತ್ರ 50 ರೂಪಾಯಿ ಉಂಟು, ಮಣಿಪಾಲಕ್ಕೆ ಟಿಕೆಟ್ 15, ಎಷ್ಟು ಚಿಲ್ಲರೆ ಬರಬೇಕು?’ ಹೀಗೆ ಕೊಟ್ರೆ ಮಗು ತಾನೇ ಬಸ್ಸಲ್ಲಿ ಕೂತುಬಿಡ್ತದೆ. ಮತ್ತೆ ಶಿಕ್ಷಕ ಶಿಕ್ಷಕಿ, ಲೇಖಕ ಲೇಖಕಿ ಅಂತ ಎರಡೆರಡು ಬರೆಯುವ ಬದಲು ಶಿಕ್ಷಕರು, ಓದುಗರು, ಸಿಬ್ಬಂದಿ. ಸಾಲು ಮಾಡಿಸುವಾಗ ಹುಡುಗರು ಹುಡುಗಿಯರು ಬದಲು ಹಾಜರಿ ನಂಬರಿನ ಸರಿ ಬೆಸ ಮಾಡಿ. ನಾನು ಎರಡು ವರ್ಷದಿಂದ ಹಾಗೇ ಮಾಡುದು, ಒಂದನೇ ಕ್ಲಾಸಿನವರಿಗೆ ಸರಿಸಂಖ್ಯೆ ಬೆಸಸಂಖ್ಯೆ ಪಾಠವೇ ಬೇಕಾಗಲಿಲ್ಲ.

ಗಣಿತ_ಟೀಚರ್_ಉಡುಪಿ
ಸರಿ ಬೆಸ ನಾಳೆಯಿಂದಲೇ. ಇದು ನನಗೆ ಹೊಳೆಯಲೇ ಇಲ್ಲ.

ಗಣಿತ_ಟೀಚರ್_ಉಡುಪಿ
ಒಂದು ವಾರ ಆಯ್ತು, ಹೇಳಿಬಿಡ್ತೇನೆ. 24 ಲೆಕ್ಕದ ಹೊಸ ಹಾಳೆ ಮಾಡಿದೆ. 8ರಲ್ಲಿ ‘ಅವಳು’: ಗೀತಾ ಹರಾಜಲ್ಲಿ, ಫಾತಿಮಾ ಬಸ್‌ಸ್ಟ್ಯಾಂಡಲ್ಲಿ, ಲವೀನಾ ತೋಟದಲ್ಲಿ. 6ರಲ್ಲಿ ‘ಅವನು’, ನೀರುದೋಸೆ ರಾಜು ಸೇರಿ. 6 ‘ನೀನು’. ಉಳಿದ 4 ಶಶಿ, ಮಧು, ‘ತಿಂದದ್ದು, ಕೊಟ್ಟದ್ದು’ ಶೈಲಿ. ನೇರಳೆ ಲೆಕ್ಕಕ್ಕೆ ಈ ಸಲ 12 ಬರೆದವರು ಯಾರೂ ಇಲ್ಲ, ಮೂರು ಮಕ್ಕಳು ಕಳೆಯುದರಲ್ಲಿ ತಪ್ಪಿದ್ರು, ಅದು ಕಳೆಯುವ ತಪ್ಪು, ಭಾಷೆಯದ್ದಲ್ಲ. ಸಾಲು ಕೂಡ ಸರಿ ಬೆಸ ಆಯ್ತು. ಆ ಮಗು 17ನೇ ನಂಬರು, ಬೆಸ ಸಾಲಿನ ಎದುರಲ್ಲೇ ನಿಂತಿತ್ತು.

ನೀಲಿ_ಕೊಡೆಯವರೇ, ನಮ್ಮ ಕನ್ನಡ ಟೀಚರ ಹತ್ರ ನಿಮ್ಮ ಎಂಟನೇ ಕ್ಲಾಸಿನ ವಿಷಯ ಹೇಳಿದೆ, ಹೆಸರು ಊರು ಎಂತ ಹೇಳಲಿಲ್ಲ. ‘ಅನ್ಯಲಿಂಗ ಬರೆಯಿರಿ’ ಪಾಠ ಬರುವಾಗ ಮೊದಲೇ ಕ್ಲಾಸಿಗೆ ಹೇಳ್ತಾರಂತೆ, ಇದು ಪದಗಳ ಲಿಂಗ, ಇದನ್ನು ತೆಗ್ದು ಯಾವ ಮನುಷ್ಯರ ಮೇಲೂ ಹಾಕ್ಲಿಕ್ಕಿಲ್ಲ, ಹಾಕಿದ್ರೆ ನಾನು ಸುಮ್ಮನಿರುದಿಲ್ಲ ಅಂತ.

ನೀಲಿ_ಕೊಡೆ
ಅವರಿಗೆ ನನ್ನ ನಮಸ್ಕಾರ ಹೇಳಿ. ಗೀತಾ, ಫಾತಿಮಾ ಜೊತೆ ಆ ಎಂಟರಲ್ಲಿ ನನ್ನಂಥ ಒಬ್ಬಳು ಇದ್ದಾಳಾ ಅಂತ ಕೇಳುದಿಲ್ಲ. ಇದ್ದರೂ ಇರಬಹುದಲ್ಲ, ‘ಅವಳು’ ಅಂತ ಉಂಟಲ್ಲ.

ಪಡುಬಿದ್ರಿ_ಪಶ್ಚಿಮ
ಟೀಚರ್ ಆ ಹಾಳೆ ಪಿಡಿಎಫ್ ಹಾಕಿ, ನನ್ನ ತಂಗಿ ಹೆಜಮಾಡಿ ಹತ್ರ ಅಂಗನವಾಡಿಯಲ್ಲಿ ಇದ್ದಾಳೆ, ಅವಳಿಗೆ ಕೊಡ್ತೇನೆ.

ಗಣಿತ_ಟೀಚರ್_ಉಡುಪಿ
ಶನಿವಾರ ಹಾಕ್ತೇನೆ. ಒಂದು ಕಡೆ ಮಾತ್ರ ಇನ್ನೂ ಸಿಕ್ಕಿ ಬಿದ್ದಿದ್ದೇನೆ. ಲೆಕ್ಕದ ಮೊದಲು ಸಣ್ಣ ಕತೆ ಉಂಟು, ‘ಮಳೆ ಬರುವಾಗ ಮಧು ಓಡಿ ಬಂದು ಬಾಗಿಲು ತೆಗೆ...’ ಇಲ್ಲಿ ‘ದನು’ ‘ದಳು’ ಎರಡೂ ಬೇಡ, ‘ದರು’ ಆಗುದಿಲ್ಲ, ‘ಬೇಕು’, ‘ಇಲ್ಲ’ ಎರಡೂ ಕೂರುದಿಲ್ಲ.

ಪುತ್ತೂರು_ಕೂಸು
‘ಮಳೆ ಬರುವಾಗ ಓಡಿ ಬಂದು ಬಾಗಿಲು ತೆಗೆದದ್ದು ಮಧು.’

ಗಣಿತ_ಟೀಚರ್_ಉಡುಪಿ
ಕೂತಿತು! ಹಾಗೇ ಹಾಕ್ತೇನೆ.